ಗಾಳಿಗೆ ಕೊಡೆ ಹಿಡಿದವಳು

“ಇದ್ರಲ್ಲಿ ಮುಖಾನೇ ಕಾಣ್ತಿಲ್ವಲ್ಲ ಮೇಡಂ. ಬೇರೆ ಯಾವ್ದಾದ್ರೂ ಇದ್ರೆ ಕಳ್ಸಿ.”

ಚಾಮರಾಜನಗರದ ಒಂದು ಫೋಟೊ ಸ್ಟುಡಿಯೋ. ಅವ್ವ ತೀರಿಕೊಂಡು ಆರು ದಿನ ಆಗಿತ್ತು. ಹನ್ನೊಂದನೇ ದಿನದ ಕಾರ್ಯದ ಹೊತ್ತಿಗೆ ಫೋಟೊಗೆ ಕಟ್ಟು ಹಾಕಿಸಿಕೊಂಡು ಬಾ ಅಂತ ಅಣ್ಣ ನನ್ನನ್ನು ಹರವೆಯಲ್ಲಿ ಬಸ್ ಹತ್ತಿಸಿದ್ದ. ನನ್ನ ಮೊಬೈಲಿನಲ್ಲಿ ಅವ್ವನ ಫೋಟೊ ಇದ್ದದ್ದು ಒಟ್ಟು 14. ಬೆಂಗಳೂರಿನ ಹೋಟೆಲುಗಳಲ್ಲಿ ತೆಗೆದ ದೋಸೆಯ ಫೋಟೊಗಳೇ ಅದಕ್ಕಿಂತ ಜಾಸ್ತಿ ಇದ್ದವು. ಅದಿರಲಿ.

ಆ ಹದಿನಾಲ್ಕರಲ್ಲಿ ನಾನು ಆರಿಸಿಕೊಂಡದ್ದು ನಮ್ಮ ಹೊಲದ ಬದುವಿನ ಮೇಲೆ ತೆಗೆದ ಒಂದನ್ನು. ಆಷಾಢ. ನಮ್ಮ ಕಡೆ ಆಷಾಢದ ಗಾಳಿ ಅಂದರೆ ಹಗ್ಗಕ್ಕೆ ಹಾಕಿದ ಬಟ್ಟೆ ಪಕ್ಕದ ಹಟ್ಟಿಯಲ್ಲಿ ಸಿಗುವಂಥ ಗಾಳಿ. ಸೂರ್ಯಕಾಂತಿ ಹೂ ಬಿಟ್ಟಿತ್ತು. ಅವ್ವ ಬದುವಿನ ಮೇಲೆ ನಿಂತಿದ್ದಾಳೆ, ನಾನು ಕೆಳಗೆ ಕಾಲುವೆಯಲ್ಲಿ ಕಾಲು ತೊಳೆಯುತ್ತಾ ಇದ್ದವಳು ಹಾಗೇ ತಲೆ ಎತ್ತಿ ತೆಗೆದದ್ದು. ಅವಳ ಕೈಯಲ್ಲಿ ನಾನೇ ಬೆಂಗಳೂರಿನಿಂದ ತಂದುಕೊಟ್ಟ ನೀಲಿ ಕೊಡೆ. ಬಿಸಿಲು ಬೆನ್ನ ಹಿಂದೆ. ಸೆರಗು ಹಾರಿ ಮುಖದ ಮೇಲೇ ಬಂದಿದೆ. “ಬಿರ್ರನ ತಗಿ ಮೊಗ, ಗಾಳಿಗ ನಾನೂ ಹಾರೋಗ್ಬುಡ್ತೀನಿ ಕನ” ಅಂತ ಅವಳು ಅನ್ನುತ್ತಿರುವಾಗ ಒತ್ತಿದ ಫೋಟೊ.

ಸ್ಟುಡಿಯೋದ ಹುಡುಗ ಪಾಪ, ತನ್ನ ಕೆಲಸ ಗೊತ್ತಿದ್ದವನು. ಮುಖ ಕಪ್ಪಾಗಿದೆ ಅಂದ. ಸೀರೆ ಮೇಲೆ ಹಳದಿ ಬಿದ್ದಿದೆ, ಬಣ್ಣ ಸರಿ ಬಂದಿಲ್ಲ ಅಂದ. ಹಿಂದೆ ಒಂದು ಮೇಕೆ ಅರ್ಧ ಬಂದಿದೆ ಅಂದ. ಕೊನೆಗೆ ಆಧಾರ್ ಕಾರ್ಡಿನ ಫೋಟೊ ಸ್ಕ್ಯಾನ್ ಮಾಡಿ, ಹಿಂದೆ ನೀಲಿ ಪರದೆ ಹಾಕಿ, ಯಾರದೋ ರೇಷ್ಮೆ ಸೀರೆ ಅಂಟಿಸಿ ಒಂದು ಗಂಟೆಯಲ್ಲಿ ಕೈಗೆ ಕೊಟ್ಟ. ಈಗಲೂ ಪಡಸಾಲೆಯಲ್ಲಿ ಹಾರ ಹಾಕಿರುವುದು ಅದಕ್ಕೇ. ಕಿವಿ, ಮೂಗು, ಕುಂಕುಮ ಎಲ್ಲವೂ ಅವ್ವನದೇ. ಆದರೆ ಅವ್ವ ಜೀವನದಲ್ಲಿ ಒಂದು ಸಲವೂ ಅಷ್ಟು ಸುಮ್ಮನೆ ಕೂತವಳಲ್ಲ.

ಇದಾಗಿ ಒಂದು ವರ್ಷದ ಮೇಲೆ, ಆಫೀಸಿನ ಪ್ರೆಸೆಂಟೇಷನ್ನಿಗೆ ಹಕ್ಕುಸ್ವಾಮ್ಯದ ತಂಟೆಯಿಲ್ಲದ ಚಿತ್ರ ಹುಡುಕುತ್ತಾ ಕೂತಿದ್ದೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್ ಅಂತ ಒಂದು ದೊಡ್ಡ ಕಲಾಸಂಗ್ರಹಾಲಯ ಇದೆ. ತನ್ನ ಬಳಿ ಇರುವ ಹಳೆಯ ಚಿತ್ರಗಳನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಲು ಅದು ಬಿಟ್ಟಿದೆ. ಸ್ಕ್ರಾಲ್ ಮಾಡುತ್ತಾ ಹೋದವಳ ಬೆರಳು ಒಂದು ಕಡೆ ನಿಂತಿತು.

ದಿಬ್ಬದ ಮೇಲೆ ಒಬ್ಬ ಹೆಂಗಸು. ಕೈಯಲ್ಲಿ ಕೊಡೆ. ಬಿಸಿಲು ಅವಳ ಹಿಂದಿನಿಂದ. ಮುಖದ ಮೇಲೆ ಗಾಳಿಗೆ ಹಾರಿ ಬಂದ ತೆಳುವಾದ ಬಟ್ಟೆ. ಬರೆದವನು ಕೆಳಗೆ ಎಲ್ಲೋ ನಿಂತು ತಲೆ ಎತ್ತಿ ನೋಡಿದ್ದಾನೆ. ನನ್ನ ಫೋಟೊದಲ್ಲಿ ಮೇಕೆ ಇದ್ದ ಜಾಗದಲ್ಲಿ ಒಬ್ಬ ಪುಟ್ಟ ಹುಡುಗ.

ಚಿತ್ರ ಫ್ರಾನ್ಸಿನ ಕ್ಲೋದ್ ಮೊನೆ 1875ರಲ್ಲಿ ಬರೆದದ್ದು. ಹೆಸರು ‘ಕೊಡೆ ಹಿಡಿದ ಹೆಂಗಸು’, ಮೇಡಂ ಮೊನೆ ಮತ್ತು ಅವಳ ಮಗ. ಹೆಂಗಸು ಅವನ ಹೆಂಡತಿ ಕಮಿಲ್. ಹುಡುಗ ಅವರ ಮಗ ಜಾನ್, ಆಗ ಅವನಿಗೆ ಏಳೆಂಟು ವರ್ಷ. ಕ್ಯಾನ್ವಾಸ್ ಒಂದು ಮೀಟರ್ ಎತ್ತರ, 81 ಸೆಂಟಿಮೀಟರ್ ಅಗಲ. ನಮ್ಮ ಮನೆಯ ಕಿಟಕಿಯಷ್ಟು ಅಂತಿಟ್ಟುಕೊಳ್ಳಿ.

ನೀವೂ ಈಗಲೇ ಹುಡುಕಿ, ಮೊಬೈಲ್ ಕೈಯಲ್ಲೇ ಇದೆಯಲ್ಲ. ಸಿಕ್ಕಿತೇ? ಈಗ ಎರಡು ಬೆರಳಿನಲ್ಲಿ ಹಿಗ್ಗಿಸಿ ಅವಳ ಮುಖದ ಹತ್ತಿರ ಹೋಗಿ. ಏನೂ ಇಲ್ಲ! ಹತ್ತಿರ ಹೋದಷ್ಟೂ ಕಣ್ಣು, ಮೂಗು ಕರಗುತ್ತವೆ. ನಾಲ್ಕಾರು ಗೀಟು, ಅದರ ಮೇಲೆ ಹಾದುಹೋದ ಬಿಳಿಯ ಎಳೆ. ಹುಲ್ಲಿಗೆ ಬನ್ನಿ. ಅದು ಹುಲ್ಲೇ ಅಲ್ಲ, ಅಡ್ಡಾದಿಡ್ಡಿ ಎಳೆದ ಹಸಿರು, ಹಳದಿ, ನೀಲಿ ಗೆರೆಗಳು. ಹೂ ಅಂದರೆ ಒಂದೊಂದು ಚುಕ್ಕೆ. ಈಗ ಮತ್ತೆ ಚಿಕ್ಕದು ಮಾಡಿ. ಬಂದುಬಿಟ್ಟಳು ನೋಡಿ, ಗಾಳಿ ಸಮೇತ.

ನನ್ನ ಊಟದ ಡಬ್ಬಿ ಆವತ್ತು ಹಾಗೇ ಮನೆಗೆ ವಾಪಸ್ ಬಂತು.

ಆಮೇಲೆ ಬಸ್ಸಿನಲ್ಲಿ, ಮೆಟ್ರೋದಲ್ಲಿ, ರಾತ್ರಿ ನಿದ್ದೆ ಬಾರದಾಗ ಈ ಚಿತ್ರದ ಬೆನ್ನು ಹತ್ತಿದೆ. ಚಿತ್ರಕಲೆ ನನ್ನ ವಿಷಯ ಅಲ್ಲ, ನಾನು ಲೆಕ್ಕ ಬರೆಯುವವಳು. ನನಗೆ ಬೇಕಾಗಿದ್ದದ್ದು ಒಂದೇ: ಸ್ಟುಡಿಯೋದ ಹುಡುಗ ನನ್ನ ಫೋಟೊದಲ್ಲಿ ತಪ್ಪು ಅಂದದ್ದೆಲ್ಲ ಈ ಚಿತ್ರದಲ್ಲೂ ಇದೆ. ಮುಖ ನೆರಳಲ್ಲಿದೆ, ಬಟ್ಟೆಗೆ ಹಳದಿ ಬಿದ್ದಿದೆ, ಹಿಂದಿನ ಹುಡುಗ ಸೊಂಟದಿಂದ ಮೇಲಷ್ಟೇ ಕಾಣುತ್ತಾನೆ. ಹಾಗಿದ್ದೂ ಜನ ಇದರ ಎದುರು ಯಾಕೆ ನಿಲ್ಲುತ್ತಾರೆ?

ಮೊದಲು ಹಳದಿ. ಕಮಿಲ್ ಉಟ್ಟಿರುವುದು ಬಿಳಿ ಉಡುಪು. ಆದರೆ ಚಿತ್ರದಲ್ಲಿ ಅಚ್ಚ ಬಿಳಿ ಇರುವುದು ಬಿಸಿಲು ನೇರ ಬಿದ್ದ ಕಡೆ ಮಾತ್ರ, ಬೆನ್ನ ಕಡೆಯ ಬಟ್ಟೆಯ ಅಂಚಿನಲ್ಲಿ, ಕೊಡೆಯ ನೆತ್ತಿಯಲ್ಲಿ. ನೆರಳಿನ ಕಡೆ ಅದು ನೀಲಿ, ಬೂದಿ, ಅಲ್ಲಲ್ಲಿ ಹಳದಿ. ಕೆಳಗೆ ಅರಳಿದ ಕಾಡು ಹೂಗಳ ಮೇಲೆ ಬಿದ್ದ ಬಿಸಿಲು ಪುಟಿದು ಬಂದು ಅವಳ ಮುಂಭಾಗಕ್ಕೆ ಹಳದಿ ಹಚ್ಚಿದೆ. ನಮ್ಮ ಹೊಲದಲ್ಲಿ ಆಗಿದ್ದೂ ಅದೇ ತಾನೇ? ಅವ್ವನ ಸೀರೆ ತಿಳಿ ಬಣ್ಣದ್ದು, ಎದುರಿಗೆ ಒಂದೆಕರೆ ಸೂರ್ಯಕಾಂತಿ. ಕ್ಯಾಮೆರಾ ಬಣ್ಣ ತಪ್ಪಿರಲಿಲ್ಲ. ಆ ಹೊತ್ತಿಗೆ ಆ ಸೀರೆ ಇದ್ದದ್ದೇ ಆ ಬಣ್ಣ.

ಇನ್ನು ನೆರಳು. ನೆರಳು ಕಪ್ಪು ಅಂತ ನಾವೆಲ್ಲ ಶಾಲೆಯಲ್ಲಿ ಬಳಿದದ್ದೇ ಬಳಿದದ್ದು. ಮೊನೆಗಿಂತ ಮುಂಚೆ ಯುರೋಪಿನ ಕಲಾಶಾಲೆಗಳಲ್ಲೂ ಹೆಚ್ಚುಕಮ್ಮಿ ಹಾಗೇ, ನೆರಳು ಅಂದರೆ ಕಂದು, ಕಪ್ಪು. ಆದರೆ ಬಯಲಲ್ಲಿ ಸೂರ್ಯನ ಬೆಳಕು ತಡೆದ ಜಾಗಕ್ಕೆ ಆಕಾಶದ ಬೆಳಕು ಬಿದ್ದೇ ಬೀಳುತ್ತದೆ, ಆಕಾಶ ನೀಲಿ. ಹಾಗಾಗಿ ನೆರಳಿಗೆ ನೀಲಿ ಸೇರುತ್ತದೆ. ನಂಬದಿದ್ದರೆ ಸಂಜೆ ನಾಲ್ಕಕ್ಕೆ ತಾರಸಿಯ ಮೇಲೆ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಪೆನ್ಸಿಲ್ ನೆಟ್ಟಗೆ ಹಿಡಿದು ನೋಡಿ. ನಮ್ಮ ಊರಿನ ಕೆಂಪು ಮಣ್ಣಿನ ಮೇಲಂತೂ ನೆರಳಿಗೆ ನೇರಳೆಹಣ್ಣಿನ ಛಾಯೆ. ನಾನು ಅಲ್ಲೇ ಹುಟ್ಟಿ ಬೆಳೆದವಳು, ಇದನ್ನು ಗಮನಿಸಿದ್ದು ಮಾತ್ರ ಈ ಚಿತ್ರ ನೋಡಿ ಊರಿಗೆ ಹೋದಮೇಲೆ.

ಕೊಡೆಯ ಒಳಮೈ ನೋಡಿ, ಹಸಿರು. ಆ ಹಸಿರಿನ ನೆರಳಲ್ಲಿ ಅವಳ ಮುಖ. ಅವ್ವನ ಕೊಡೆ ನೀಲಿ, ಬಿಸಿಲು ಅದರೊಳಗಿಂದ ಇಳಿದು ಅವಳ ಕೆನ್ನೆ, ಕೈ ಎಲ್ಲ ನೀಲಿ ನೀಲಿ. “ಕರೀ ಬೊಂಬ ಆಗಿವ್ನಿ” ಅಂತ ಆ ಫೋಟೊ ನೋಡಿ ಅವಳೇ ನಕ್ಕಿದ್ದಳು. ಕರಿ ಅಲ್ಲ ಅವ್ವ, ನೀಲಿ.

ಈಗಿನ ಮೊಬೈಲ್ ಆಗಿದ್ದರೆ ಈ ತಂಟೆಯೇ ಬರುತ್ತಿರಲಿಲ್ಲ. ಎಚ್‌ಡಿಆರ್ ಅಂತೀವಲ್ಲ, ಅದು ಒಂದು ಸಲ ಒತ್ತಿದರೆ ಬೆಳಕು ಹೆಚ್ಚುಕಮ್ಮಿ ಮಾಡಿ ಹಲವು ಫೋಟೊ ತೆಗೆದು ಒಂದಕ್ಕೊಂದು ಬೆಸೆಯುತ್ತದೆ. ಆಕಾಶವೂ ಸ್ವಚ್ಛ, ಮುಖವೂ ಸ್ವಚ್ಛ. ಅವತ್ತು ನನ್ನ ಕೈಯಲ್ಲಿದ್ದದ್ದು ಹಳೆಯ ಕಮ್ಮಿ ದರದ ಫೋನು. ಅದಕ್ಕೆ ಅಷ್ಟು ಬುದ್ಧಿ ಇರಲಿಲ್ಲ. ಬಿಸಿಲಿಗೆ ಎದುರಾಗಿ ನಿಂತರೆ ಮನುಷ್ಯರ ಕಣ್ಣಿಗೆ ಹೇಗೆ ಕುಕ್ಕುತ್ತದೋ ಹಾಗೇ ಅದಕ್ಕೂ ಕುಕ್ಕಿತು. ಸದ್ಯ.

ಬೆಳಕಿನ ಚಿತ್ರ ಅಂದರೆ ನಮ್ಮ ಮೈಸೂರು ಸೀಮೆಯವರಿಗೆ ಥಟ್ಟನೆ ನೆನಪಾಗುವುದು ಬೇರೆ ಒಂದು. ಶಾಲೆಯ ಪ್ರವಾಸ ಅಂದರೆ ಅರಮನೆ, ಮೃಗಾಲಯ, ಜಗನ್ಮೋಹನ ಅರಮನೆ. ಜಗನ್ಮೋಹನದಲ್ಲಿ ಕತ್ತಲ ಕೋಣೆಗೆ ಸಾಲಾಗಿ ಬಿಟ್ಟು ತೋರಿಸುತ್ತಿದ್ದರಲ್ಲ, ದೀಪ ಹಿಡಿದ ಹೆಂಗಸು. ಕೈ ಅಡ್ಡ ಹಿಡಿದಿದ್ದಾಳೆ, ಬೆರಳ ಸಂದಿಯಿಂದ ಕೆಂಪು ಬೆಳಕು ಸೋರುತ್ತದೆ, ಮುಖ ಹೊಳೆಯುತ್ತದೆ. ಸುಮಾರು ಜನ ಅದನ್ನು ರಾಜಾ ರವಿವರ್ಮನದು ಅಂದುಕೊಂಡಿದ್ದಾರೆ. ಅಲ್ಲ, ಅದು ಎಸ್.ಎಲ್. ಹಳದಣಕರ್ 1940ರ ದಶಕದಲ್ಲಿ ಬರೆದ ಜಲವರ್ಣದ ಚಿತ್ರ. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ಎಣ್ಣೆ ಬಣ್ಣದಲ್ಲಾದರೆ ತಪ್ಪಿದರೆ ಮೇಲೆ ಬಳಿಯಬಹುದು, ನೀರಿನ ಬಣ್ಣದಲ್ಲಿ ಆ ಹೊಳಪು ತರುವುದು ಹುಡುಗಾಟವಲ್ಲ. ಕೊಡೆಯವಳಿಗೂ ದೀಪದವಳಿಗೂ ಒಂದು ವ್ಯತ್ಯಾಸ ನನಗೆ ಈಗ ಕಾಣುತ್ತದೆ. ದೀಪದವಳು ಗಾಳಿಯನ್ನು ಕೈಯಿಂದ ತಡೆದಿದ್ದಾಳೆ. ಜ್ವಾಲೆ ಅಲುಗುವ ಹಾಗಿಲ್ಲ, ಅವಳೂ ಅಲುಗುವ ಹಾಗಿಲ್ಲ. ಅದಕ್ಕೇ ಮುಖ ಅಷ್ಟು ಸ್ಪಷ್ಟ. ಕೊಡೆಯವಳ ಮೇಲೆ ಗಾಳಿ ಬೀಸಿಯಾಗಿದೆ.

ಆ ಗಾಳಿಯನ್ನು ಮೊನೆ ಹೇಗೆ ತಂದ ಅನ್ನುವುದೇ ನನಗೆ ಬಹಳ ದಿನ ಕಾಡಿದ್ದು. ಗಾಳಿಗೆ ಬಣ್ಣ ಇಲ್ಲ, ಆಕಾರ ಇಲ್ಲ. ಹುಲ್ಲು ಬಾಗಿದೆ ಅಂತ ಬರೆಯಬಹುದು, ಎಲ್ಲರೂ ಬರೆಯುತ್ತಾರೆ. ಇಲ್ಲಿ ಕಸುಬು ಬೇರೆ ಕಡೆ ಇದೆ. ಹುಲ್ಲಿನ ಗೆರೆಗಳು ಒಂದು ಕಡೆಗೆ ಓಡುತ್ತವೆ, ಮೋಡದ ಬಳಿತಗಳು ಇನ್ನೊಂದು ರೀತಿ, ಲಂಗದ ಮಡಿಕೆ ಅವಳ ಕಾಲಿನ ಸುತ್ತ ತಿರುಚಿಕೊಂಡಿದೆ. ನಮ್ಮ ಕಣ್ಣಿಗೆ ಕೂರಲು ಒಂದು ಜಾಗ ಸಿಗುವುದಿಲ್ಲ. ಅವಳ ಮೈ ಒಂದು ಕಡೆ, ಮುಖ ನಮ್ಮ ಕಡೆ. ನಡೆಯುತ್ತಿದ್ದವಳು ಯಾರೋ ಕರೆದರು ಅಂತ ತಿರುಗಿದ ಕ್ಷಣ ಅದು. ಇನ್ನೊಂದು ಉಸಿರಿಗೆ ಮತ್ತೆ ಆ ಕಡೆ ತಿರುಗಿ ಹೊರಟೇಬಿಡುತ್ತಾಳೆ. ಅಂಚುಗಳನ್ನು ಎಲ್ಲೂ ತಿದ್ದಿ ಮುಚ್ಚಿಲ್ಲ. ಬಟ್ಟೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಅಂತ ಗೆರೆ ಹಾಕಿ ಹೇಳಲು ಆಗುವುದಿಲ್ಲ. ಕೆಳಗಿನಿಂದ ನೋಡಿರುವುದರಿಂದ ಅವಳ ಹಿಂದೆ ಮರವಿಲ್ಲ, ಮನೆಯಿಲ್ಲ, ಬರೀ ಆಕಾಶ. ಹಾರಿಹೋಗಲು ಅಡ್ಡಿಯೇ ಇಲ್ಲ.

ಇದೆಲ್ಲ ಮನೆಯೊಳಗೆ ಕೂತು ಆಗುವ ಕೆಲಸವಲ್ಲ. ಈ ಚಿತ್ರವನ್ನು ಬಹುಶಃ ಬಯಲಿನಲ್ಲೇ ನಿಂತು, ಒಂದೇ ಪಟ್ಟಿಗೆ, ಕೆಲವು ಗಂಟೆಗಳಲ್ಲಿ ಮುಗಿಸಿದ್ದಾನೆ ಅನ್ನುತ್ತಾರೆ ತಿಳಿದವರು. ಅದಕ್ಕೆ ಅನುಕೂಲ ಮಾಡಿಕೊಟ್ಟದ್ದು ಒಂದು ಸಣ್ಣ ವಸ್ತು, ನಾವು ದಿನಾ ಬೆಳಿಗ್ಗೆ ಹಿಚುಕುವ ಟ್ಯೂಬು. ಮೊದಲೆಲ್ಲ ಕಲಾವಿದರು ಬಣ್ಣ ಅರೆದು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿದರೆ ಒಣಗುವುದು, ಹೊತ್ತೊಯ್ದರೆ ಒಡೆಯುವುದು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ಮಡಚಿ ಹಿಚುಕುವ ಲೋಹದ ಟ್ಯೂಬಿಗೆ ಪೇಟೆಂಟ್ ತೆಗೆದುಕೊಂಡ. ಬಣ್ಣ ಜೇಬಿಗೆ ಬಂತು. ಇನ್ನೊಂದು, ರೈಲು. ಮೊನೆ ಆಗ ಇದ್ದದ್ದು ಪ್ಯಾರಿಸ್ ಪಕ್ಕದ ಅರ್ಜಾಂತೈ ಎಂಬ ಊರಿನಲ್ಲಿ, ರೈಲು ಹತ್ತಿದರೆ ಸ್ವಲ್ಪ ಹೊತ್ತಿಗೆಲ್ಲ ಪ್ಯಾರಿಸ್. ಊರಲ್ಲಿದ್ದುಕೊಂಡು ಪೇಟೆಯಲ್ಲಿ ಮಾರಬಹುದಾಗಿತ್ತು. ವರ್ಕ್ ಫ್ರಂ ಹೋಮ್ ಮಾಡುವವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ಮಾರಾಟ ಮಾತ್ರ ಅಷ್ಟಕ್ಕಷ್ಟೇ. 1874ರಲ್ಲಿ ಇವನೂ ಇವನ ಗೆಳೆಯರೂ ಸರ್ಕಾರಿ ಪ್ರದರ್ಶನದ ಸಹವಾಸ ಬೇಡ ಅಂತ ತಾವೇ ಒಂದು ಪ್ರದರ್ಶನ ಇಟ್ಟರು. ಅದರಲ್ಲಿ ಮೊನೆಯ ಒಂದು ಸೂರ್ಯೋದಯದ ಚಿತ್ರದ ಹೆಸರಲ್ಲಿ ‘ಇಂಪ್ರೆಷನ್’ ಅನ್ನುವ ಪದ ಇತ್ತು. ಲೂಯಿ ಲೆರೊಯ್ ಎಂಬ ಪತ್ರಕರ್ತ ಅದನ್ನೇ ಹಿಡಿದುಕೊಂಡು ‘ಇಂಪ್ರೆಷನಿಸ್ಟರು’ ಅಂತ ಆಡಿಕೊಂಡು ಬರೆದ. ಗೇಲಿಗೆ ಇಟ್ಟ ಹೆಸರು ಕೊನೆಗೆ ನಾಮಕರಣವೇ ಆಗಿಹೋಯಿತು, ನಮ್ಮೂರಲ್ಲಿ ಅಡ್ಡಹೆಸರುಗಳು ರೇಷನ್ ಕಾರ್ಡಿಗೆ ಹತ್ತುವ ಹಾಗೆ. 1876ರಲ್ಲಿ ಎರಡನೇ ಪ್ರದರ್ಶನ, ಕೊಡೆಯವಳು ಹೊರಗೆ ಬಂದದ್ದು ಆಗ. ಆಲ್ಬರ್ಟ್ ವುಲ್ಫ್ ಎಂಬ ವಿಮರ್ಶಕ, ಇಲ್ಲಿ ಐದಾರು ಹುಚ್ಚರು ಸೇರಿದ್ದಾರೆ, ಅವರಲ್ಲೊಬ್ಬಳು ಹೆಂಗಸು ಬೇರೆ ಅನ್ನುವ ಅರ್ಥದಲ್ಲಿ ಬರೆದ. ಆ ಹೆಂಗಸು ಬರ್ತ್ ಮೊರಿಸೊ, ಒಳ್ಳೆಯ ಕಲಾವಿದೆ. ವುಲ್ಫನನ್ನು ಇವತ್ತು ಜನ ನೆನೆಯುವುದೇ ಹೆಚ್ಚಾಗಿ ಈ ಮಾತಿಗೆ.

ಇದೆಲ್ಲ ಫ್ರಾನ್ಸಿನ ಕತೆ, ನಮಗೇನು ಅನ್ನಬೇಡಿ. ಬಿಸಿಲಲ್ಲಿ ನಿಂತು ಬಣ್ಣ ಹಿಡಿದ ಕನ್ನಡದವರೊಬ್ಬರಿದ್ದರು, ರುಮಾಲೆ ಚೆನ್ನಬಸವಯ್ಯ. ದೊಡ್ಡಬಳ್ಳಾಪುರದವರು, ಹುಟ್ಟಿದ್ದು 1910ರಲ್ಲಿ. ಸ್ವಾತಂತ್ರ್ಯ ಹೋರಾಟಕ್ಕೆ ಹೋದರು, ಸೇವಾದಳ ಕಟ್ಟಿದರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದರು. ಚಿಕ್ಕ ವಯಸ್ಸಿನಲ್ಲಿ ಕಲಿತ ಚಿತ್ರಕಲೆ ಈ ಗದ್ದಲದಲ್ಲಿ ಮೂಲೆ ಸೇರಿತ್ತು. 1962ರಲ್ಲಿ ರಾಜಕೀಯಕ್ಕೆ ಬೆನ್ನು ತಿರುಗಿಸಿ ಮತ್ತೆ ಬ್ರಷ್ ಹಿಡಿದರು. ಆಗ ಅವರಿಗೆ ಐವತ್ತು ದಾಟಿತ್ತು. ಅಲ್ಲಿಂದ 1988ರಲ್ಲಿ ತೀರಿಕೊಳ್ಳುವವರೆಗೂ ಅವರು ಬರೆದದ್ದು ಹೆಚ್ಚಾಗಿ ಬಯಲು, ಬೆಟ್ಟ, ಮತ್ತೆ ಬೆಂಗಳೂರಿನ ಹೂಬಿಟ್ಟ ಮರಗಳನ್ನು. ಕ್ಯಾನ್ವಾಸ್ ಹೊತ್ತುಕೊಂಡು ಮರದ ಎದುರಿಗೇ ಹೋಗಿ ನಿಲ್ಲುತ್ತಿದ್ದರು. ಕರ್ನಾಟಕದ ವ್ಯಾನ್ ಗೋ ಅಂತ ಅವರನ್ನು ಕರೆಯುವುದುಂಟು. ನನಗೆ ಆ ಬಿರುದು ಅಷ್ಟು ಸರಿಬರುವುದಿಲ್ಲ. ಯಾರೂ ವ್ಯಾನ್ ಗೋನನ್ನು ಹಾಲೆಂಡಿನ ರುಮಾಲೆ ಅನ್ನುವುದಿಲ್ಲವಲ್ಲ.

ಅವರ ಗುಲ್‌ಮೊಹರ್ ನೋಡಿದರೆ ಮರಕ್ಕೆ ಎಲೆ ಎಷ್ಟು, ಕೊಂಬೆ ಎಷ್ಟು ಅಂತ ಎಣಿಸಲಾಗದು. ಏಪ್ರಿಲ್ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನೋಡಿದರೆ ಹೇಗೋ ಹಾಗೆ, ಕೆಂಪು ಮೊದಲು, ಮರ ಆಮೇಲೆ. ಮಾರ್ಚ್‌ನಲ್ಲಿ ಆಫೀಸಿನ ಬಸ್ಸಿನ ಕಿಟಕಿಯಿಂದ ಗುಲಾಬಿ ಮರಗಳನ್ನು ಕ್ಲಿಕ್ಕಿಸಿ ಸ್ಟೇಟಸ್ ಹಾಕುವ ನಾವು, ಅದೇ ಮರದ ಕೆಳಗೆ ದಿನಗಟ್ಟಲೆ ನಿಂತ ಒಬ್ಬ ಮನುಷ್ಯನ ಹೆಸರನ್ನು ಕೇಳಿರುವುದಿಲ್ಲ. ನಾನೂ ಕೇಳಿರಲಿಲ್ಲ. ಮೊನೆಯ ಬೆನ್ನು ಹತ್ತಿ ಹೋಗಿ ರುಮಾಲೆ ಸಿಕ್ಕಿದರು.

ನಮ್ಮ ಕಡೆಯೂ ಈಗ ಕ್ಲಿಕ್ಕಿಸುವವರ ಜಾತ್ರೆ. ಜುಲೈ, ಆಗಸ್ಟ್ ಬಂತೆಂದರೆ ಗುಂಡ್ಲುಪೇಟೆ ಸುತ್ತಮುತ್ತ ಸೂರ್ಯಕಾಂತಿ, ಚೆಂಡುಹೂ. ಊಟಿಗೆ, ಕೇರಳಕ್ಕೆ ಹೋಗುವ ಕಾರುಗಳು ರಸ್ತೆ ಬದಿಗೆ ನಿಲ್ಲುತ್ತವೆ. ಗಿಡ ತುಳಿದು ಹಾಳು ಮಾಡಿದರೆ ಯಾರು ಹೊಣೆ? ಹಾಗಾಗಿ ಕೆಲವು ಹೊಲದವರು ತಲೆಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಒಳಗೆ ಬಿಡುತ್ತಾರೆ, ಅದು ನ್ಯಾಯವೇ. ಬಂದವರೆಲ್ಲ ಸೂರ್ಯ ತಮ್ಮ ಮುಖಕ್ಕೆ ಬೀಳುವ ಹಾಗೆ ತಿರುಗಿ ನಿಲ್ಲುತ್ತಾರೆ. ಮುಖ ಕಾಣಬೇಕಲ್ಲ. ಗಾಳಿಗೆ ಕೂದಲು ಮುಖಕ್ಕೆ ಬಂದರೆ ಇನ್ನೊಂದು ಫೋಟೊ.

ಮೊನೆಯ ಚಿತ್ರದ ಕತೆ 1876ಕ್ಕೆ ಮುಗಿಯಲಿಲ್ಲ. ನನ್ನನ್ನು ಹಿಡಿದು ಅಲುಗಿಸಿದ್ದು ಮುಂದಿನ ಭಾಗ.

ಆ ದಿಬ್ಬದ ಮೇಲೆ ನಿಂತಾಗ ಕಮಿಲ್‌ಗೆ ಇಪ್ಪತ್ತೆಂಟರ ಆಸುಪಾಸು. 1878ರಲ್ಲಿ ಎರಡನೇ ಮಗ ಹುಟ್ಟಿದ, ಅವಳ ಆರೋಗ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ. ಕೈಯಲ್ಲಿ ಕಾಸಿರಲಿಲ್ಲ. 1879ರ ಸೆಪ್ಟೆಂಬರ್ 5ರಂದು, ವೆತ್ಯೂಯ್ ಎಂಬ ಹಳ್ಳಿಯಲ್ಲಿ, 32ನೇ ವಯಸ್ಸಿಗೆ ತೀರಿಹೋದಳು. ಮೊನೆ ಹೆಣದ ಪಕ್ಕ ಕೂತು ಅವಳ ಚಿತ್ರ ಬರೆದ. ಆ ಚಿತ್ರ ಈಗ ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಬಿಳಿ, ಬೂದಿ, ನೇರಳೆ ಗೆರೆಗಳ ನಡುವೆ ಮುಳುಗುತ್ತಿರುವ ಒಂದು ಮುಖ. ಎಷ್ಟೋ ವರ್ಷದ ಮೇಲೆ ತನ್ನ ಗೆಳೆಯ, ಫ್ರಾನ್ಸಿನ ಪ್ರಧಾನಿಯಾಗಿದ್ದ ಕ್ಲೆಮಾನ್ಸೋಗೆ ಅವನು ಇದನ್ನು ಹೇಳಿಕೊಂಡನಂತೆ. ಅಷ್ಟು ಪ್ರೀತಿಸಿದ ಮುಖದ ಎದುರು ಕೂತಿದ್ದಾಗ, ತನಗೇ ಗೊತ್ತಿಲ್ಲದೆ ಆ ಹಣೆಯ ಮೇಲೆ ಸಾವು ಬಣ್ಣ ಬದಲಿಸುತ್ತಾ ಹೋಗುವುದನ್ನು, ನೀಲಿ, ಹಳದಿ, ಬೂದಿಯನ್ನು, ಗಮನಿಸುತ್ತಾ ಇದ್ದೆ ಅಂತ. ಅವನಿಗೆ ಅದರ ಬಗ್ಗೆ ನಾಚಿಕೆಯೂ ಇತ್ತು, ಹೆದರಿಕೆಯೂ ಇತ್ತು.

ಇದನ್ನು ಓದಿದಾಗ ಮೊದಲು ನನಗೆ ಸಿಟ್ಟು ಬಂತು. ಹೆಂಡತಿ ಸತ್ತಾಗಲೂ ಬಣ್ಣವೇ? ಆಮೇಲೆ ನಮ್ಮ ಮನೆಯ ಆ ಬೆಳಗ್ಗೆ ನೆನಪಾಯಿತು. ಅವ್ವನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ನಾನು ಅಳಲಿಲ್ಲ. ಗವಾಕ್ಷಿಯಿಂದ ಬಿದ್ದ ಬಿಸಿಲಿನ ಚೌಕ ಅವಳ ಪಾದದ ಹತ್ತಿರ ಇದ್ದದ್ದು ನಿಧಾನಕ್ಕೆ ಮೊಣಕಾಲಿಗೆ ಬಂತು. ಹಳ್ಳಿಯವರೆಲ್ಲ ಬಂದು ಹೋದರು, ಸೋಬಾನೆ ಹಾಡುತ್ತಿದ್ದ ಅವಳ ಗೆಳತಿಯರು ಬಂದು ಅತ್ತರು, ನಾನು ಆ ಚೌಕ ನೋಡುತ್ತಾ ಕೂತಿದ್ದೆ. ಯಾರಿಗೂ ಹೇಳಿರಲಿಲ್ಲ ಇದನ್ನು.

ಹನ್ನೊಂದು ವರ್ಷ ಕಳೆದು 1886ರಲ್ಲಿ, ಮೊನೆ ಮತ್ತೆ ಅದೇ ಚಿತ್ರ ಬರೆಯಲು ಹೊರಟ. ಬೇರೆ ಊರು, ಬೇರೆ ದಿಬ್ಬ. ಈ ಸಲ ಕೊಡೆ ಹಿಡಿದು ನಿಂತವಳು ಸುಸಾನ್, ಮುಂದೆ ಅವನ ಎರಡನೇ ಹೆಂಡತಿಯಾದ ಆಲಿಸಳ ಮಗಳು. ಒಂದರಲ್ಲಿ ಎಡಕ್ಕೆ ತಿರುಗಿದ್ದಾಳೆ, ಇನ್ನೊಂದರಲ್ಲಿ ಬಲಕ್ಕೆ. ಎರಡೂ ಓರ್ಸೆಯಲ್ಲೇ ಇವೆ, ಹುಡುಕಿ ನೋಡಿ. ಹುಲ್ಲು ಇದೆ, ಮೋಡ ಇದೆ, ಕೊಡೆ ಇದೆ, ಬಟ್ಟೆ ಗಾಳಿಗೆ ಹಾರುತ್ತಿದೆ. ಮುಖ ಇಲ್ಲ. ಕಣ್ಣು ಮೂಗು ಬಾಯಿ ಇರಬೇಕಾದ ಕಡೆ ಬರೀ ಬಣ್ಣದ ಬಳಿತ.

ಆಳುಗಳನ್ನೂ ಬಯಲಿನ ಮರಗಿಡದ ಹಾಗೇ ಬರೆಯಬೇಕು ಅಂತ ಅವನಿಗಿತ್ತು, ಅದಕ್ಕೇ ಹಾಗೆ ಅನ್ನುತ್ತಾರೆ ಬಲ್ಲವರು. ಇರಬಹುದು. ನನಗೆ ಮಾತ್ರ ಅದು ಕಮಿಲ್‌ಗೆ ಬಿಟ್ಟ ಜಾಗ ಅಂತಲೇ ಅನ್ನಿಸುತ್ತದೆ. ಇದು ಲೆಕ್ಕ ಬರೆಯುವವಳ ಊಹೆ, ತಳ್ಳಿಹಾಕಿದರೂ ಬೇಜಾರಿಲ್ಲ. ಆದರೆ 1875ರ ಚಿತ್ರಕ್ಕೆ ಮತ್ತೆ ಬಂದು ನೋಡಿದಾಗ, ಆ ಹಾರುವ ಬಟ್ಟೆಯ ಹಿಂದೆ ಇರುವ ನಾಲ್ಕೇ ಗೀಟಿನ ಮುಖ ಎಷ್ಟೊಂದು ಅನ್ನಿಸಿತು.

ಕಳೆದ ದೀಪಾವಳಿಗೆ ಊರಿಗೆ ಹೋಗುವ ಮುಂಚೆ ಬೆಂಗಳೂರಿನಲ್ಲೇ ಆ ಫೋಟೊ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಏನೂ ತಿದ್ದಬೇಡಿ ಅಂತ ಎರಡು ಸಲ ಹೇಳಿದೆ. ಹಳದಿ ಇರಲಿ, ಮೇಕೆಯೂ ಇರಲಿ. ಹಳೆಯ ಫೋನಿನದಾದ್ದರಿಂದ ದೊಡ್ಡದು ಮಾಡಿದಾಗ ಹೂವೆಲ್ಲ ಒಡೆದು ಚುಕ್ಕೆ ಚುಕ್ಕೆ ಆಗಿತ್ತು. ಹತ್ತಿರದಿಂದ ಏನೂ ತಿಳಿಯದು. ಎರಡು ಮಾರು ದೂರ ನಿಲ್ಲಬೇಕು.

ಅಣ್ಣ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲ ಹತ್ತಿರ ಬೆಳಕಿಗೆ ಹೋದ. ನಾನು ಕಾಯುತ್ತಾ ನಿಂತೆ. ಮುಖ ಎಲ್ಲಿ ಅಂತ ಅವನೂ ಕೇಳುತ್ತಾನೆ ಅಂದುಕೊಂಡಿದ್ದೆ.

“ಕೊಡ ಉಲ್ಟಾ ಆಗದ ನೋಡು ಇಲ್ಲಿ, ಈ ಕಡ” ಅಂದ. ನಾನು ಗಮನಿಸಿಯೇ ಇರಲಿಲ್ಲ. ಕೊಡೆಯ ಒಂದು ಅಂಚು ಗಾಳಿಗೆ ಮೇಲಕ್ಕೆ ಮಗುಚುತ್ತಿತ್ತು. “ಅವತ್ತೇ ಎರಡು ಕಡ್ಡಿ ಮುರುದೋದ್ದು. ನಿಂಗ ಹೇಳ್ಬ್ಯಾಡ ಅಂದಿದ್ಲು, ಬೇಜಾರ್ ಮಾಡ್ಕತಾಳ ಅಂತ. ಅಟ್ಟದ ಮ್ಯಾಲ ಅದ ಈಗ್ಲೂವೆ.”

ಬಿಸಿಲು ಬೀಳುವ ಕಡೆ ನೇತುಹಾಕಬೇಡಿ, ಬಣ್ಣ ಹೋಗುತ್ತೆ ಅಂತ ಪ್ರಿಂಟ್ ಹಾಕಿದವರು ಹೇಳಿ ಕಳಿಸಿದ್ದರು. ಅಣ್ಣ ಗೋಡೆಯೆಲ್ಲ ನೋಡಿ, ಹಾರ ಹಾಕಿದ ಫೋಟೊದ ಪಕ್ಕ ಬೇಡ ಅಂತ ತಾನೇ ತಲೆ ಆಡಿಸಿ, ಅಡುಗೆಮನೆಯ ಕಿಟಕಿಯ ಎದುರುಗೋಡೆಗೆ ಮೊಳೆ ಹೊಡೆದ. ನಾಲ್ಕು ಗಂಟೆಗೆ ಅಲ್ಲಿಗೆ ನೇರ ಬಿಸಿಲು ಬರುತ್ತದೆ.